ಗೆರೆ ತುಳಿದ ನೀಲಗಂಗಕ್ಕ

ಎರಡನೆಯ ಅಂಗಳ, ಬೆಟಗೇರಿ, ಗದಗ
ಬುಗುರಿ ತಿಂಗಳು, ಅಮಾವಾಸ್ಯೆಯ ಮರುದಿನ, ಇಸವಿ ೨೨೦೭

ನಮಗಿಂತ ಮೊದಲು ಈ ನೆಲದ ಮೇಲೆ ಓಡಾಡಿದ ಹಿರಿಯರಿಗೆ, ಬೆಟಗೇರಿಯ ಅಂಗಳಗಿತ್ತಿ ಗುರುಸಿದ್ಧವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ಹುಡುಗಾಟ ಮಾಡಿದ್ದಾರೆಂದು ಈ ಓಲೆಯನ್ನು ಬದಿಗಿಡಬೇಡಿ. ನಾನು ಹುಟ್ಟುವುದಕ್ಕೆ ಇನ್ನೂ ಬಹಳ ತಲೆಮಾರುಗಳು ಕಳೆಯಬೇಕೆಂಬುದು ನನಗೂ ಗೊತ್ತು. ನಮ್ಮಲ್ಲಿ ಇದಕ್ಕೆ ಹಿನ್ನೋಲೆ ಎನ್ನುತ್ತಾರೆ. ಹಿಂದೆ ಆಗಿಹೋದವರಿಗೆ ಬರೆಯುವ ಓಲೆ ಎಂದರ್ಥ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಹಿನ್ನೋಲೆಗೆ ಅವಕಾಶ. ಬಹಳ ಮಂದಿ ಅದನ್ನು ತಮ್ಮ ಮುತ್ತಜ್ಜನಿಗೆ ಬೈಯುವುದಕ್ಕೆ ಖರ್ಚು ಮಾಡಿಬಿಡುತ್ತಾರೆ. ನಾನು ಬರೆಯುತ್ತಿರುವುದು ಬೈಯಲು ಅಲ್ಲ, ಒಂದು ಮಾತು ಕೇಳಿಕೊಳ್ಳಲು. ನಡುವೆ ಅಷ್ಟಿಷ್ಟು ಬೈದರೆ ಮನೆಯ ಹೆಣ್ಣುಮಗಳು ಬೈದಳೆಂದುಕೊಳ್ಳಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆಯಿರಲಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಮಗೆ ಸಿಕ್ಕಿದ ನಿಮ್ಮ ಕಾಗದಗಳಿಂದ, ಮತ್ತು ಅವುಗಳಲ್ಲಿ ಹೆಚ್ಚಿನವು ಮದುವೆಯ ಆಮಂತ್ರಣ ಪತ್ರಿಕೆಗಳು. ಆದ್ದರಿಂದ ಎಲ್ಲಾದರೂ ನಾನು ನಿಮ್ಮನ್ನು ಸಹಕುಟುಂಬ ಸಹಪರಿವಾರ ಕರೆದಂತೆ ಕಂಡರೆ, ಕರೆದದ್ದೆಂದೇ ತಿಳಿಯಿರಿ.

ತಿಂಗಳ ಹೆಸರಿನ ವಿಚಾರ ಮೊದಲು ಹೇಳಿಬಿಡುತ್ತೇನೆ. ನಮ್ಮ ವರ್ಷ ಆಟಗಳ ಮೇಲೆ ನಡೆಯುತ್ತದೆ. ಗಾಳಿ ಏಳುವಾಗ ಗಾಳಿಪಟದ ತಿಂಗಳು, ನೆಲ ಗಟ್ಟಿಯಾದಾಗ ಬುಗುರಿ, ಚಳಿಯಲ್ಲಿ ಲಗೋರಿ ಮತ್ತು ಖೋಖೋ. ಬಿಸಿಲು ತಲೆ ಸುಡುವ ದಿನಗಳಲ್ಲಿ ಮಾತ್ರ ನೆರಳಲ್ಲಿ ಕೂತು ಕವಡೆ. ನಿಮ್ಮ ಮಕ್ಕಳಿಗೂ ಹೀಗೆ ಆಟಕ್ಕೊಂದು ಕಾಲವಿತ್ತಂತೆ, ಯಾರೂ ಹೇಳಿಕೊಡದೆ ಓಣಿಯಲ್ಲಿ ಒಂದು ದಿನ ಗೋಲಿ ಮುಗಿದು ಮರುದಿನ ಬುಗುರಿ ಶುರುವಾಗುತ್ತಿತ್ತಂತೆ. ನಮಗೆ ಅದು ಪಂಚಾಂಗದಲ್ಲೇ ಇದೆ. ಏಕೆಂದರೆ ನಮ್ಮಲ್ಲಿ ಆಡುವುದು ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಆಡಬೇಕು. ಪ್ರತಿ ಊರಿನಲ್ಲಿ ಓಣಿಗೊಂದರಂತೆ ಅಂಗಳವಿದೆ. ಪರಸಿಕಲ್ಲು ಹಾಸಿದ ಬಯಲು, ಒಂದು ಬೇವಿನ ಮರ, ಜೋಕಾಲಿ, ಜಾರುಬಂಡಿ, ಒಂದು ನೀರಿನ ಹರವಿ. ಅದನ್ನು ನೋಡಿಕೊಳ್ಳುವವಳು ಅಂಗಳಗಿತ್ತಿ, ಅಂದರೆ ನಾನು. ಬೆಳಿಗ್ಗೆ ಬಿಸಿಲೇರುವ ಮುನ್ನ ಎಲ್ಲರೂ ಬರುತ್ತಾರೆ. ಬಟ್ಟೆ ನೇಯುವವರು, ಬ್ಯಾಂಕಿನವರು, ಕೋರ್ಟಿನವರು. ನಮ್ಮ ತಹಶೀಲ್ದಾರರು ಮರಕೋತಿ ಆಡಿ ಬೇವಿನ ಮರದಿಂದ ಇಳಿಯದೆ ಕೂತರೆ ಅರ್ಜಿ ಹಿಡಿದು ಬಂದವರೂ ಮರ ಹತ್ತಬೇಕಾಗುತ್ತದೆ. ಡಾಕ್ಟರು ಸೊಂಟ ನೋವಿಗೆ ಕೆರೆ-ದಡ ಬರೆದುಕೊಡುತ್ತಾರೆ, ದಮ್ಮು ಹತ್ತುವವರಿಗೆ ಮೊದಲು ಜೋಕಾಲಿ, ಆಮೇಲೆ ನಿಧಾನಕ್ಕೆ ಹಗ್ಗದಾಟ. ಲಗೋರಿಯ ಚೆಂಡನ್ನು ಹಳೆಯ ಸೀರೆ ಸುತ್ತಿ ಹೊಲಿದುಕೊಡುವುದು ನೇಕಾರರ ಮನೆಯವರ ಪಾಲಿನ ಸೇವೆ. ಬೆನ್ನಿಗೆ ಬಿದ್ದರೆ ಅದು ಚುರುಕ್ ಎನ್ನಲೇಬೇಕು, ಇಲ್ಲದಿದ್ದರೆ ನಾನು ವಾಪಸು ಕಳಿಸುತ್ತೇನೆ.

ಅಂಗಳದ ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ತಗಡಿನ ಬೋರ್ಡು ಇದೆ. ಅದು ನಿಮ್ಮ ಕಾಲದ್ದು, ನಿಮ್ಮ ಯಾವುದೋ ಉದ್ಯಾನದ್ದು. ಹಳೆಯ ಮಣ್ಣು ತೆಗೆಯುವಾಗ ಸಿಕ್ಕಿತು. ಅದರ ಮೇಲೆ ಹೀಗೆ ಬರೆದಿದೆ: ಹನ್ನೆರಡು ವರ್ಷ ಮೀರಿದವರು ಜೋಕಾಲಿ, ಜಾರುಬಂಡಿ ಬಳಸಬಾರದು. ನಮ್ಮ ಪಂಡಿತರು ಈ ಬೋರ್ಡನ್ನು ಬಹಳ ಕಾಲ ಓದಿದರು. ನಿಮ್ಮ ಕಾಲದಲ್ಲಿ ಹನ್ನೆರಡನೆಯ ವರ್ಷಕ್ಕೆ ಮನುಷ್ಯರಿಗೆ ಏನೋ ದೊಡ್ಡ ಆಪತ್ತು ಬರುತ್ತಿತ್ತೆಂದು ಒಬ್ಬರು ವಾದಿಸಿದರು. ಮೊಣಕಾಲಿಗೆ ಸಂಬಂಧಿಸಿದ ಒಂದು ದೀಕ್ಷೆ ಇತ್ತೆಂದೂ, ಅದನ್ನು ಪಡೆದವರು ಮತ್ತೆ ಹಾರುವಂತಿರಲಿಲ್ಲವೆಂದೂ ಇನ್ನೊಬ್ಬರು ಪುಸ್ತಕವನ್ನೇ ಬರೆದರು. ದೊಡ್ಡವರು ಸುಮ್ಮನೆ, ಯಾವ ಕಾರಣವೂ ಇಲ್ಲದೆ, ಬೆಂಚಿನ ಮೇಲೆ ಕೂತು ಮಕ್ಕಳು ಆಡುವುದನ್ನು ನೋಡುತ್ತಿದ್ದರೆಂದು ಊಹಿಸಲು ಅವರಲ್ಲಿ ಯಾರಿಗೂ ಆಗಲಿಲ್ಲ. ಆ ಊಹೆ ಮಾಡಿದವಳು ನಮ್ಮಕ್ಕ. ಪಂಡಿತರು ಅದನ್ನು ಒಪ್ಪಿಲ್ಲ.

ನಿಮಗೂ ನಮಗೂ ನಡುವೆ ಕೂತ ಕಾಲ ಎಂಬುದೊಂದು ಬಂದು ಹೋಯಿತು. ಎಲ್ಲವೂ ಕೂತಲ್ಲಿಗೆ ಬಂದ ಕಾಲ ಅದು. ಊಟ ಬಂತು, ಕೆಲಸ ಬಂತು, ನೆಂಟರು ಗೋಡೆಯ ಮೇಲೆ ಮೂಡಿ ಮಾತಾಡಿ ಹೋದರು. ಮೂವತ್ತು ವರ್ಷದವರಿಗೆ ನೆಲದಿಂದ ಏಳಲು ಬರದಂತಾಯಿತು. ಆಗ ಎತ್ತಂಗಿ ಹುಟ್ಟಿತು. ಎತ್ತಂಗಿ ಎಂದರೆ ಎತ್ತುವ ಅಂಗಿ. ಮೈಗೆ ತೊಟ್ಟರೆ ಅದರೊಳಗಿನ ನೂಲುಗಳು ಬಿಗಿದು ನಿಮ್ಮನ್ನು ಏಳಿಸುತ್ತವೆ, ನಡೆಸುತ್ತವೆ, ಮಲಗಿಸುತ್ತವೆ. ಮೈಗೆ ವ್ಯಾಯಾಮವಾಗಲೆಂದು ಯಂತ್ರಗಳನ್ನೂ ತಂದರು, ಆದರೆ ಯಂತ್ರದ ಮುಂದೆ ಯಾರಿಗೂ ಮನಸ್ಸು ನಿಲ್ಲಲಿಲ್ಲ. ಹೆಜ್ಜೆ ಎಣಿಸುವ ಬಳೆಯನ್ನು ಜನ ಆಡಿನ ಕಾಲಿಗೆ ಕಟ್ಟಿ ಬಿಟ್ಟರು. ಬೆಟಗೇರಿಯ ಆಡುಗಳಷ್ಟು ಆರೋಗ್ಯವಂತ ನಾಗರಿಕರು ಸರಕಾರದ ಲೆಕ್ಕದಲ್ಲಿ ಬೇರೆಲ್ಲೂ ಇರಲಿಲ್ಲ. ಕೊನೆಗೆ ಯಾರೋ ಮಕ್ಕಳ ಕಡೆ ನೋಡಿದರು. ಅಷ್ಟೆಲ್ಲ ಆದರೂ ಅವು ಮಾತ್ರ ಕುಂಟುತ್ತಿದ್ದವು, ಹಾರುತ್ತಿದ್ದವು, ಬಿದ್ದು ಏಳುತ್ತಿದ್ದವು. ಹಾಗಾದರೆ ನಮಗೂ ಅದೇ ಇರಲಿ ಎಂದು ಅಂಗಳಗಳನ್ನು ಕಟ್ಟಿದರು.

ಕಟ್ಟಿದವರು ಒಳ್ಳೆಯವರು, ಆದರೆ ಅತಿ ಜಾಣರು. ಆಟವನ್ನು ಔಷಧಿಯೆಂದು ತಂದದ್ದರಿಂದ ಅದನ್ನು ತೊಳೆದು, ಸೋಸಿ, ಒಣಗಿಸಿ ತಂದರು. ಔಟ್ ಆದವನು ಬದಿಗೆ ಹೋಗಿ ಕೂರುತ್ತಾನೆ, ಕೂರುವುದೇ ರೋಗದ ಮೂಲ, ಆದ್ದರಿಂದ ಯಾರೂ ಔಟ್ ಆಗಬಾರದೆಂದು ನಿಯಮ ಮಾಡಿದರು. ಸೋಲಿಲ್ಲದ ಮೇಲೆ ಗೆಲುವೂ ಇಲ್ಲ. ಕೂಗಾಟದಿಂದ ರಕ್ತದೊತ್ತಡ ಏರುತ್ತದೆಂದು ಕೂಗಾಟವೂ ಇಲ್ಲ. ಗೆರೆ ತುಳಿದರೂ ಭೇಷ್, ಚೆಂಡು ತಪ್ಪಿದರೂ ಭೇಷ್. ಗಂಟೆ ಬಾರಿಸಿದಾಗ ಶುರು, ಗಂಟೆ ಬಾರಿಸಿದಾಗ ಮುಕ್ತಾಯ. ನಾನು ಅಂಗಳಗಿತ್ತಿಯಾದಾಗ ನಡೆಯುತ್ತಿದ್ದದ್ದು ಇದೇ. ಜನ ಬರುತ್ತಿದ್ದರು, ಹಾಜರಿ ಹೇಳುತ್ತಿದ್ದರು, ಭೇಷ್ ಎನ್ನಿಸಿಕೊಂಡು ಆಕಳಿಸುತ್ತಾ ಮನೆಗೆ ಹೋಗುತ್ತಿದ್ದರು.

ಈಗ ನಮ್ಮಕ್ಕನ ವಿಷಯ. ನೀಲಗಂಗಕ್ಕ ನನಗಿಂತ ಆರು ವರ್ಷ ಹಿರಿಯಳು. ಮದುವೆ ಆಗಲಿಲ್ಲ, ನನ್ನ ಜೊತೆಯಲ್ಲೇ ಇದ್ದಾಳೆ. ಕಪ್ಪತಗುಡ್ಡದ ಗಾಳಿಕಂಬಗಳನ್ನು ಹತ್ತಿ ರೆಕ್ಕೆ ರಿಪೇರಿ ಮಾಡುವುದು ಅವಳ ಕೆಲಸವಾಗಿತ್ತು. ಎತ್ತರದಲ್ಲಿ ನಿಂತು ಊರನ್ನೆಲ್ಲ ಕಣ್ಣಳತೆಯಲ್ಲಿ ಇಟ್ಟುಕೊಂಡು ಬದುಕಿದವಳು, ಆದ್ದರಿಂದ ಯಾರ ಮಾತಿಗೂ ಸೊಪ್ಪು ಹಾಕುವವಳಲ್ಲ. ಎಪ್ಪತ್ತು ದಾಟಿದ ಮೇಲೆ ಒಮ್ಮೆ ಬಚ್ಚಲಲ್ಲಿ ಜಾರಿಬಿದ್ದಳು. ಎಲುಬು ಕೂಡಿಕೊಂಡಿತು, ಮೊಣಕಾಲು ಮಾತ್ರ ಮುನಿಸಿಕೊಂಡಿತು. ನಮ್ಮಲ್ಲಿ ಆ ವಯಸ್ಸಿನವರಿಗೆ ವರ್ಷಕ್ಕೊಮ್ಮೆ ಏಳುಪರೀಕ್ಷೆ ಇದೆ. ನೆಲದ ಮೇಲೆ ಕೂತು, ಕೈ ಊರದೆ, ಯಾರನ್ನೂ ಹಿಡಿಯದೆ ಎದ್ದು ನಿಲ್ಲಬೇಕು. ಏಳದಿದ್ದರೆ ಎತ್ತಂಗಿ ತೊಡಿಸುತ್ತಾರೆ. ತೊಡಿಸಬೇಕಾದವಳು ಆ ಓಣಿಯ ಅಂಗಳಗಿತ್ತಿ.

ಎತ್ತಂಗಿ ತೊಟ್ಟರೇನು ಕಷ್ಟ ಎಂದು ನೀವು ಕೇಳಬಹುದು. ನಮ್ಮವ್ವ ಕೊನೆಯ ಕೆಲವು ವರ್ಷ ಅದನ್ನು ತೊಟ್ಟಿದ್ದಳು. ಅಂಗಿ ಎಲ್ಲವನ್ನೂ ಮಾಡುವಾಗ ಕಾಲು ತನ್ನ ಕೆಲಸ ಮರೆತುಬಿಡುತ್ತದೆ, ಆಮೇಲೆ ಅಂಗಿ ಬಿಚ್ಚಲು ಬರುವುದಿಲ್ಲ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಅದು ಅವ್ವನನ್ನು ಎಬ್ಬಿಸಿ, ನಡೆಸಿಕೊಂಡು ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸುತ್ತಿತ್ತು. ಒಂದು ದಿನ ಹಾಗೇ ಬಂದು ನಿಂತಳು. ಅಕ್ಕ ಚಹಾ ಸೋಸುತ್ತಾ ಏನೋ ಹೇಳುತ್ತಿದ್ದಳು, ನಾನು ರೊಟ್ಟಿ ಬಡಿಯುತ್ತಿದ್ದೆ. ಅವ್ವ ಚಹಾ ಕೇಳಲಿಲ್ಲವೆಂದು ತಿರುಗಿ ನೋಡಿದೆವು. ಅವಳ ಜೀವ ಯಾವಾಗಲೋ ಹೋಗಿತ್ತು. ಅಂಗಿ ನಿಲ್ಲಿಸಿತ್ತು. ಆವತ್ತಿನಿಂದ ಅಕ್ಕನಿಗೆ ಎತ್ತಂಗಿಯೆಂದರೆ ಹೆದರಿಕೆ, ಗಾಳಿಕಂಬದ ತುದಿಯಲ್ಲಿ ನಿಂತು ಹೆದರದವಳಿಗೆ ಅದೊಂದೇ ಹೆದರಿಕೆ.

ಪರೀಕ್ಷೆಗೆ ಮುಂಚಿನ ದಿನಗಳಲ್ಲಿ ಅವಳು ಪ್ರತಿದಿನ ಅಂಗಳಕ್ಕೆ ಬಂದು ಕುಂಟೆಬಿಲ್ಲೆ ಆಡಿದಳು. ಕುಂಟೆಬಿಲ್ಲೆ ನಿಮಗೆ ಗೊತ್ತೇ ಇದೆ. ಹಂಚಿನ ಚೂರನ್ನು ಮನೆಯೊಳಗೆ ಎಸೆದು, ಗೆರೆ ತುಳಿಯದೆ ಒಂಟಿಕಾಲಲ್ಲಿ ಕುಂಟುತ್ತಾ ಹೋಗಿ ಬರಬೇಕು. ನಮ್ಮ ಡಾಕ್ಟರು ಮೊಣಕಾಲಿಗೆ ಬರೆಯುವುದು ಅದನ್ನೇ. ನಿಜ ಹೇಳಬೇಕೆಂದರೆ ಅವಳ ಕಾಲಿಗೆ ಬಲ ಬರುತ್ತಿತ್ತು, ನನಗೆ ಕಾಣುತ್ತಿತ್ತು. ಆದರೆ ನೆಲಕ್ಕೆ ಕೂತು ಏಳುವ ಹೊತ್ತಿಗೆ ಸುತ್ತಲಿನವರೆಲ್ಲ ಕೈ ಚಾಚಿಬಿಡುತ್ತಿದ್ದರು, ನಾನೂ ಚಾಚುತ್ತಿದ್ದೆ. ಚಾಚಿದ ಕೈಯನ್ನು ಅವಳು ಹಿಡಿದುಬಿಡುತ್ತಿದ್ದಳು. ಆಮೇಲೆ ಎಲ್ಲರೂ ಭೇಷ್ ಎನ್ನುತ್ತಿದ್ದರು. ಮನೆಗೆ ಬಂದ ಮೇಲೆ ಅವಳು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಪರೀಕ್ಷೆಗೆ ಒಂದು ವಾರವಿರುವಾಗ ನಡೆದದ್ದು ಇದು. ಅಕ್ಕ ಮೂರನೆಯ ಮನೆಯಿಂದ ನಾಲ್ಕನೆಯದಕ್ಕೆ ಹಾರಿದಳು, ಸಮತೋಲ ತಪ್ಪಿತು, ಕಾಲು ಗೆರೆಯ ಮೇಲೆ ಬಿತ್ತು. ರೂಢಿಯಂತೆ ಎಲ್ಲರೂ ಭೇಷ್ ಎಂದರು. ಅಕ್ಕ ನಿಂತಳು. ಮುಂದೆ ಬಿದ್ದಿದ್ದ ಬಿಲ್ಲೆಯನ್ನು ಒದ್ದಳು. "ಭೇಷ್ ಅಂತ ಭೇಷ್! ಕೂಸಿಗೆ ಅಂದಂಗ ಅಂತೀರಲ್ಲ, ನಾಚಿಕಿ ಬರೂದಿಲ್ಲೇನು ನಿಮಗ? ನಾ ಗೆರಿ ತುಳದೀನಿ. ಎಲ್ಲಾರೂ ನೋಡೀರಿ. ಯಾರರ ಒಬ್ರು ಔಟ್ ಅನ್ರಿ." ಯಾರೂ ಅನ್ನಲಿಲ್ಲ. ಆ ಮಾತನ್ನು ನಮ್ಮ ಅಂಗಳದಲ್ಲಿ ಅಲ್ಲಿಯವರೆಗೆ ಯಾರೂ ಅಂದದ್ದೇ ಇರಲಿಲ್ಲ. ಅಕ್ಕ ಒಂದು ಸಲ ಎಲ್ಲರ ಮುಖ ನೋಡಿ, ಆ ನಾಲ್ಕನೆಯ ಮನೆಯ ನಡುವೆ ಪರಸಿಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. "ಔಟ್ ಅನ್ನೂತನಕ ನಾ ಏಳೂದಿಲ್ಲ."

ನಿಯಮ ಏನೆಂದರೆ, ಆ ವಯಸ್ಸಿನವರು ಆಟದ ನಡುವೆ ಕೂತು ಬೇಗ ಏಳದಿದ್ದರೆ ಅಲ್ಲೇ ಪರೀಕ್ಷೆಯಾಗಿ ಸೋತಂತೆ. ಮೂಲೆಯ ಕಪಾಟಿನಲ್ಲಿರುವ ಎತ್ತಂಗಿಯನ್ನು ನಾನು ತರಬೇಕು. ನಾನು ಹತ್ತಿರ ಹೋಗಿ, "ಅಕ್ಕಾ, ಏಳ. ಎಲ್ಲಾರೂ ನೋಡಾಕತ್ತಾರ" ಎಂದೆ. "ನೋಡ್ಲಿ. ನೋಡ್ಲಿ ಅಂತನ ಕುಂತೀನಿ" ಎಂದಳು. ಕೈ ಚಾಚಿದೆ, ತಳ್ಳಿದಳು. ತಹಶೀಲ್ದಾರರು ಚಾಚಿದರು, ಅವರ ಕೈಗೂ ಏಟು ಬಿತ್ತು. ಕೊನೆಗೆ ನಾನು ಕಪಾಟು ತೆಗೆದು ಅಂಗಿಯನ್ನು ತೋಳ ಮೇಲೆ ಹಾಕಿಕೊಂಡು ಬಂದೆ. ಅವ್ವನ ಅಂಗಿಯದೇ ಬೂದು ಬಣ್ಣ. ಅಕ್ಕ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನ್ನ ಕಣ್ಣಲ್ಲಿ ನೀರು ತುಂಬಿತ್ತು, ಕೆಲಸ ಮಾತ್ರ ನನ್ನದೇ ಆಗಿತ್ತು.

ಆಗ ಹಿಂದಿನಿಂದ ಮಾಬೂಸಾಬರು ಮುಂದೆ ಬಂದರು. ಮಾಬೂಸಾಬರು ನಮ್ಮ ಪಕ್ಕದ ಮನೆಯವರು, ನೀರಿನ ಮೀಟರು ನೋಡುವವರು. ಕಂಡದ್ದನ್ನು ಕಂಡಹಾಗೆ ಹೇಳುವುದು ಬಿಟ್ಟರೆ ಅವರಿಗೆ ಬೇರೇನೂ ಬರುವುದಿಲ್ಲ. ಆ ಗುಣದಿಂದ ಅವರು ಎಷ್ಟು ಮದುವೆ ಮನೆಗಳಲ್ಲಿ ಬೈಸಿಕೊಂಡಿದ್ದಾರೋ ಲೆಕ್ಕವಿಲ್ಲ. ಟೋಪಿ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಅವರು ಅಂದರು: "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಬಲಗಾಲಿನ ಹಿಮ್ಮಡ ಗೆರಿ ಮ್ಯಾಲಿತ್ತು. ನಾ ನೋಡೀನಿ. ಔಟ್ ಆಗೀರಿ."

ಅಕ್ಕ ಬಯಸಿದ್ದು ಸಿಕ್ಕಿತಲ್ಲ, ಇನ್ನು ಸಮಾಧಾನವಾಗುತ್ತಾಳೆಂದು ನಾನು ಅಂದುಕೊಂಡೆ. ಅವಳ ಜೊತೆ ಇಷ್ಟು ವರ್ಷ ಬಾಳಿದ ನನಗೇ ಅವಳು ಅರ್ಥವಾಗಿಲ್ಲ ನೋಡಿ. ಅವಳ ಮುಖ ಕೆಂಪೇರಿತು. "ಹಿಮ್ಮಡಂತ ಹಿಮ್ಮಡ! ನನ್ನ ಹಿಮ್ಮಡ ಎಲ್ಲಿತ್ತಂತ ನಿನಗೇನ್ ಗೊತ್ತೋ? ಗೆರೀನ ಸೊಟ್ಟ ಐತಿ! ಬಾ ಇಲ್ಲೆ, ಬಂದು ನೋಡು!" ಎನ್ನುತ್ತಾ ಎದ್ದು ನಿಂತಳು, ಎರಡು ಹೆಜ್ಜೆ ಮುಂದೆ ನಡೆದು ಮಾಬೂಸಾಬರ ತೋಳು ಹಿಡಿದು ಗೆರೆಯ ಬಳಿ ಎಳೆದುಕೊಂಡು ಬಂದಳು. ಏಳುವಾಗ ಕೈ ಊರಲಿಲ್ಲ. ಯಾರನ್ನೂ ಹಿಡಿಯಲಿಲ್ಲ. ಬೈಯುವ ಅವಸರದಲ್ಲಿ ಅವಳಿಗೆ ತಾನು ಏಳಲಾರದವಳೆಂಬುದು ಮರೆತುಹೋಗಿತ್ತು.

ಮೊದಲು ಕಂಡದ್ದು ನನಗೆ. ಆಮೇಲೆ ಒಬ್ಬೊಬ್ಬರಿಗೇ ಕಂಡಿತು. ಅಕ್ಕ ಮಾತ್ರ ಇನ್ನೂ ಬಗ್ಗಿ ಗೆರೆ ತೋರಿಸುತ್ತಿದ್ದಳು. ಎಲ್ಲರೂ ತನ್ನ ಕಾಲನ್ನೇ ನೋಡುತ್ತಿರುವುದು ಗೊತ್ತಾದಾಗ ಅವಳೂ ನೋಡಿಕೊಂಡಳು. ಯಾರೋ ಮೆಲ್ಲಗೆ, ಕೈ ಊರಿದಳೋ ಏನೋ, ಪರೀಕ್ಷೆಗೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದರು. ಮಾಬೂಸಾಬರು ತಲೆಯೆತ್ತಿ, "ಊರಿಲ್ರೀ. ಅದನ್ನೂ ನಾ ನೋಡೀನಿ" ಎಂದರು. ಅವರ ಮಾತಿನ ಮೇಲೆ ಬೆಟಗೇರಿಯಲ್ಲಿ ಇನ್ನೊಂದು ಮಾತಿಲ್ಲ. ನಾನು ಅಂಗಿಯನ್ನು ಮತ್ತೆ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ, ಹಾಕಿ ಅಲ್ಲೇ ನಿಂತು ಮನಸಾರೆ ಅತ್ತೆ. ಹಿಂದಿನಿಂದ ಅಕ್ಕನ ದನಿ ಕೇಳುತ್ತಲೇ ಇತ್ತು. ಈಗ ಅರ್ಧ ಅಂಗಳ ಅವಳ ಕಡೆ, ಅರ್ಧ ಅಂಗಳ ಮಾಬೂಸಾಬರ ಕಡೆ. ಆಡಿದವರೆಲ್ಲ ಮೊದಲ ಸಲ ಬೆವತಿದ್ದರು. ಗಂಟೆ ಬಾರಿಸಿದೆ, ಯಾರಿಗೂ ಕೇಳಿಸಲಿಲ್ಲ.

ಅಂದಿನಿಂದ ನಮ್ಮ ಅಂಗಳದಲ್ಲಿ ಔಟ್ ಇದೆ. ಮೇಲಿನವರು ಬಂದು ಕಾರಣ ಕೇಳಿದರು. ಒಂದು ದಿನ ಆಡಿ ನೋಡಿ ಅಂದೆ. ಆಡಿದರು, ಲಗೋರಿಯಲ್ಲಿ ಬೆನ್ನಿಗೆ ಚೆಂಡು ತಿಂದರು, ತಿಂದೇ ಇಲ್ಲವೆಂದು ವಾದಿಸಿದರು, ಸಂಜೆ ಮತ್ತೆ ಬಂದರು. ಈಗ ಗದಗಿನ ಎಲ್ಲ ಅಂಗಳಗಳಲ್ಲೂ ಗದ್ದಲವಿದೆ. ಔಟ್ ಆದವರು ಬದಿಯಲ್ಲಿ ಕೂರುತ್ತಾರೆಂದು ಜಾಣರು ಹೆದರಿದ್ದರಲ್ಲ, ಒಬ್ಬರೂ ಕೂರುವುದಿಲ್ಲ. ಗೆರೆಯ ಪಕ್ಕದಲ್ಲಿ ನಿಂತು, ಕುಣಿದು, ಬೇರೆಯವರ ಕಾಲು ಗೆರೆ ಮುಟ್ಟಿತೋ ಇಲ್ಲವೋ ಎಂದು ಬಗ್ಗಿ ಬಗ್ಗಿ ನೋಡುತ್ತಾರೆ. ಏಳುಪರೀಕ್ಷೆಯಲ್ಲಿ ಸೋಲುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿದ್ದಾರೆ. ನಮ್ಮ ಕಪಾಟಿನ ಎತ್ತಂಗಿಯ ಮೇಲೆ ಬೆಕ್ಕು ಮರಿ ಹಾಕಿದೆ, ನಾನು ಓಡಿಸಿಲ್ಲ. ಅಕ್ಕನಿಗೆ ಈಗ ಎಂಬತ್ತಾಗುತ್ತಾ ಬಂತು. ಆ ಗೆರೆ ಸೊಟ್ಟಗಿತ್ತೆಂದು ಇವತ್ತಿಗೂ ಹೇಳುತ್ತಾಳೆ. ಆ ಗೆರೆ ಎಳೆದವಳು ನಾನು. ಅದು ನೆಟ್ಟಗಿತ್ತು. ನನ್ನ ಈ ಮಾತು ಒಂದಲ್ಲ ಒಂದು ಕಾಲದಲ್ಲಿ ದಾಖಲಾಗಿರಲಿ.

ಇನ್ನು ನಾನು ಕೇಳಿಕೊಳ್ಳಬೇಕಾದ್ದು. ಹಿರಿಯರೇ, ನಿಮ್ಮ ಓಣಿಯಲ್ಲಿ ಇವತ್ತು ಸಂಜೆ ಮಕ್ಕಳು ಸುಣ್ಣದ ಕಡ್ಡಿಯಿಂದ ಮನೆ ಬರೆದು ಕುಂಟುತ್ತಿದ್ದರೆ, ಬೆಂಚಿನ ಮೇಲೆ ಕೂತು ನೋಡಬೇಡಿ. ಹೋಗಿ ನಿಮ್ಮ ಪಾಳಿ ಕೇಳಿ. ಮೈ ಇಳಿಸಲೆಂದೋ ಸಕ್ಕರೆ ಇಳಿಸಲೆಂದೋ ಹೋದರೂ ತಪ್ಪಿಲ್ಲ, ಒಳಗೆ ಹೆಜ್ಜೆ ಇಟ್ಟ ಮೇಲೆ ಅದನ್ನು ಮರೆತುಬಿಡಿ. ಮಕ್ಕಳು ಔಟ್ ಅಂದರೆ ದೊಡ್ಡವರೆಂದು ರಿಯಾಯಿತಿ ಕೇಳಬೇಡಿ, ಜಗಳ ಮಾಡಿ. ನಿಮಗೆ ವಯಸ್ಸಾಗಿದೆಯೆಂದು ಯಾರಾದರೂ ಸುಮ್ಮನೆ ಭೇಷ್ ಎಂದರೆ ಮಾತ್ರ ಬಿಡಬೇಡಿ. ನೀವು ಆಡಿದ್ದನ್ನು ಕಂಡ ಮಕ್ಕಳು ಹನ್ನೆರಡಕ್ಕೆ ನಿಲ್ಲಿಸುವುದಿಲ್ಲ, ಅವರ ಮಕ್ಕಳೂ ನಿಲ್ಲಿಸುವುದಿಲ್ಲ. ಕೂತ ಕಾಲ ಬರದೆಯೇ ಹೋಗಬಹುದು, ನಮ್ಮವ್ವ ತನ್ನ ಕಾಲಿನಲ್ಲೇ ನಡೆದು ಬಂದು ಚಹಾ ಕೇಳಬಹುದು.

ಮತ್ತು ಆ ತಗಡಿನ ಬೋರ್ಡು. ಅದು ನಿಮ್ಮ ಊರಿನ ಉದ್ಯಾನದಲ್ಲಿದ್ದರೆ ದಯವಿಟ್ಟು ಕಿತ್ತುಹಾಕಿ. ನೀವು ಕಿತ್ತರೆ ಅದು ಮಣ್ಣಿಗೆ ಬೀಳುವುದಿಲ್ಲ, ನಮಗೆ ಸಿಗುವುದಿಲ್ಲ, ನಮ್ಮ ಗೋಡೆಗೆ ಬರುವುದಿಲ್ಲ. ನೀವು ಈ ಓಲೆ ಓದಿದಿರೆಂದು ನಮಗೆ ತಿಳಿಯುವುದು ಹಾಗೆಯೇ. ಅಕ್ಕನಿಗೆ ಹೇಳಿದರೆ ನಕ್ಕಳು. "ಅವರೇನ್ ತಗೀತಾರ? ಬೋರ್ಡ್ ಹಾಕಾಕ ಬರ್ತೈತಿ ಅವರಿಗೆ, ತಗ್ಯಾಕ ಬರೂದಿಲ್ಲ." ಜಗುಲಿಯ ಮೇಲಿದ್ದ ಮಾಬೂಸಾಬರು ಬಹಳ ಹೊತ್ತು ಯೋಚಿಸಿ ಅಂದರು: "ತಗೀತಾರ್ರಿ ಅಕ್ಕಾರ. ಅವರೂ ಸಣ್ಣವರಿದ್ದಾಗ ಆಡಿದವರ ಅಲ್ಲೇನ್ರಿ." ಇಬ್ಬರೂ ಅದಕ್ಕೇ ಜಗಳ ಶುರು ಮಾಡಿದ್ದಾರೆ, ಇನ್ನೂ ಮುಗಿದಿಲ್ಲ. ಮಾಬೂಸಾಬರು ಕಾಣದ್ದನ್ನು ಹೇಳಿದ್ದು ಅದೊಂದೇ ಸಲ.

ನಾನು ಬೆಳಿಗ್ಗೆ ಅಂಗಳದ ಬಾಗಿಲು ತೆಗೆಯುವ ಮೊದಲು ಆ ಗೋಡೆ ನೋಡುತ್ತೇನೆ. ಇವತ್ತೂ ಬೋರ್ಡು ಅಲ್ಲೇ ಇತ್ತು. ನಾಳೆ ಮತ್ತೆ ನೋಡುತ್ತೇನೆ. ಬರಿಯ ಮೊಳೆ ಕಂಡ ದಿನ ಅಕ್ಕನನ್ನು ಕರೆದು ತೋರಿಸಬೇಕು, ತೋರಿಸಿ, ನೀನು ಔಟ್ ಎನ್ನಬೇಕು.

ನಿಮ್ಮ ಮರಿಮಗಳ ಮರಿಮಗಳಿರಬಹುದಾದ,
ಗುರುಸಿದ್ಧವ್ವ